ಮೊದಲ ಡಿಎಸ್‌ಎಲ್‌ಆರ್ ಕೊಳ್ಳುವ ಮುನ್ನ: ಐದು ಕ್ಯಾಮೆರಾಗಳನ್ನು ಹೋಲಿಸಿ ನೋಡುವ ಕ್ರಮ

ಛಾಯಾಗ್ರಹಣ ಕಲಿಯಬೇಕೆಂದು ಹೊರಟವರು ವಿಜಯಪುರದಲ್ಲಾಗಲಿ, ಬಾಗಲಕೋಟೆ ಅಥವಾ ಬೆಳಗಾವಿಯಲ್ಲಾಗಲಿ ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿದ್ದು ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ವಿಚಾರಿಸಿದರೆ ಸಾಮಾನ್ಯವಾಗಿ ಐದು ಹೆಸರುಗಳು ಮುಂದೆ ಬರುತ್ತವೆ: ಕ್ಯಾನನ್ 3000ಡಿ, ಕ್ಯಾನನ್ 1500ಡಿ, ಕ್ಯಾನನ್ 200ಡಿ ಮಾರ್ಕ್ 2, ನಿಕಾನ್ ಡಿ3500 ಮತ್ತು ನಿಕಾನ್ ಡಿ5600. ಇವುಗಳಲ್ಲಿ ನಿಕಾನ್‌ನ ಎರಡೂ ಮಾದರಿಗಳ ತಯಾರಿಕೆ ನಿಂತಿರುವುದರಿಂದ ಅವು ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಆಗಿಯೇ ಸಿಗುತ್ತವೆ. ಅಂಗಡಿಯಲ್ಲಿ ಮಾತು ಮೆಗಾಪಿಕ್ಸೆಲ್‌ನಿಂದ ಆರಂಭವಾಗಿ ಬೆಲೆಯಲ್ಲಿ ಮುಗಿಯುತ್ತದೆ. ಹೋಲಿಕೆಯ ಸರಿಯಾದ ಕ್ರಮ ಬೇರೆ ಇದೆ ಎಂದು ನಾನು ನಂಬಿದ್ದೇನೆ: ನೀವು ಏನನ್ನು, ಯಾವ ಬೆಳಕಿನಲ್ಲಿ ತೆಗೆಯುತ್ತೀರಿ ಎಂಬುದು ಮೊದಲು ನಿರ್ಧಾರವಾಗಬೇಕು, ಅದಕ್ಕೆ ತಕ್ಕ ಲೆನ್ಸ್ ಯಾವುದೆಂಬುದು ಆಮೇಲೆ, ಆ ಲೆನ್ಸ್ ಯಾವ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಮೇಲೆ ಪೂರ್ಣವಾಗಿ ಕೆಲಸ ಮಾಡುತ್ತದೆ ಎಂಬುದು ಕೊನೆಗೆ. ಕೆಳಗಿನ ಹೆಜ್ಜೆಗಳು ಇದೇ ಕ್ರಮದಲ್ಲಿವೆ.

ಹೆಜ್ಜೆ 1: ತೆಗೆಯಬೇಕಾದ ಚಿತ್ರಗಳ ಪಟ್ಟಿ ಬರೆಯಿರಿ

ಒಂದು ಹಾಳೆಯ ಮೇಲೆ, ಮುಂದಿನ ಒಂದು ವರ್ಷದಲ್ಲಿ ನೀವು ನಿಜವಾಗಿ ತೆಗೆಯಲಿರುವ ಚಿತ್ರಗಳನ್ನು ಬರೆದುಕೊಳ್ಳಿ. ನಮ್ಮ ಭಾಗದವರ ಪಟ್ಟಿಯಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾದಾಮಿಯ ಗುಹೆಗಳು, ಐಹೊಳೆ ಮತ್ತು ಪಟ್ಟದಕಲ್ಲಿನ ಗುಡಿಗಳು ಬಂದೇ ಬರುತ್ತವೆ. ಅದರ ಜೊತೆಗೆ ಮನೆಯ ಮಕ್ಕಳು, ಕಲ್ಯಾಣ ಮಂಟಪದ ಮದುವೆ, ಊರ ಜಾತ್ರೆ, ಕುಸ್ತಿ, ಆಲಮಟ್ಟಿ ಹಿನ್ನೀರಿನ ಹಕ್ಕಿಗಳು ಸೇರಬಹುದು. ಪ್ರತಿಯೊಂದರ ಎದುರಿಗೂ ಎರಡು ಸಂಗತಿಗಳನ್ನು ಬರೆಯಿರಿ: ಬೆಳಕು ಹೇಗಿರುತ್ತದೆ ಮತ್ತು ನೀವು ಎಷ್ಟು ದೂರದಲ್ಲಿ ನಿಲ್ಲುತ್ತೀರಿ.

ಈ ಎರಡು ಸಂಗತಿಗಳು ಕ್ಯಾಮೆರಾದ ಆಯ್ಕೆಯನ್ನು ಎಷ್ಟು ಬದಲಿಸುತ್ತವೆ ಎಂಬುದಕ್ಕೆ ಗೋಳಗುಮ್ಮಟವೇ ಉದಾಹರಣೆ. ಅದರ ಹೊರಗೋಡೆಯ ಒಂದು ಬದಿ ಸುಮಾರು 47.5 ಮೀಟರ್ ಅಗಲವಿದೆ. ಕ್ಯಾಮೆರಾದ ಜೊತೆ ಬರುವ 18-55 ಮಿ.ಮೀ. ಲೆನ್ಸನ್ನು (ಇದೇ ಕಿಟ್ ಲೆನ್ಸ್, ಮಿ.ಮೀ. ಕಡಿಮೆಯಾದಷ್ಟೂ ನೋಟ ಅಗಲ) 18 ಮಿ.ಮೀ.ಗೆ ಇಟ್ಟು 40 ಮೀಟರ್ ದೂರದಲ್ಲಿ ನಿಂತರೆ ಚೌಕಟ್ಟಿನೊಳಗೆ ಸುಮಾರು 50 ಮೀಟರ್ ಅಗಲ ಹಿಡಿಸುತ್ತದೆ. ಆದರೆ ಎತ್ತರವೂ ಸೇರಬೇಕೆಂದರೆ ಇನ್ನೂ ಹಿಂದೆ ಸರಿಯಬೇಕು. ಹೊರಗೆ ಹಿಂದೆ ಸರಿಯಲು ಜಾಗವಿರುವುದರಿಂದ ಈ ಲೆನ್ಸ್ ಅಲ್ಲಿ ಸಾಕಾಗುತ್ತದೆ. ಒಳಗಿನ ಸಭಾಂಗಣದಲ್ಲಿ ನಿಂತು ತಲೆಯ ಮೇಲಿನ ಗುಮ್ಮಟವನ್ನು ಅದನ್ನು ಹೊತ್ತ ಕಮಾನುಗಳ ಸಮೇತ ಹಿಡಿಯುವಾಗ ಮಾತ್ರ ಅದೇ ಲೆನ್ಸ್ ಇಕ್ಕಟ್ಟಾಗುತ್ತದೆ. ಜೊತೆಗೆ ಬೆಳಕೂ ಬಹಳ ಕಡಿಮೆ. ಒಂದೇ ಕಟ್ಟಡದ ಹೊರಗು ಮತ್ತು ಒಳಗು ಎರಡು ಬೇರೆ ಬೇರೆ ಲೆನ್ಸ್‌ಗಳನ್ನು ಬೇಡುತ್ತವೆ, ಐದರಲ್ಲಿ ಯಾವ ಬಾಡಿ ಕೊಂಡರೂ ಈ ಬೇಡಿಕೆ ಬದಲಾಗುವುದಿಲ್ಲ.

ಹೆಜ್ಜೆ 2: ಬಾಡಿಗಿಂತ ಮೊದಲು ಲೆನ್ಸ್ ಆರಿಸಿ

ಕಿಟ್ ಲೆನ್ಸನ್ನು ಕಡೆಗಣಿಸಬೇಕಾಗಿಲ್ಲ. ಹಗಲಿನ ಬೆಳಕಿನಲ್ಲಿ ಎಫ್/8ರ ಆಸುಪಾಸಿನಲ್ಲಿ (ಇದು ಲೆನ್ಸಿನ ತೆರಪು ಅಂದರೆ ಅಪರ್ಚರಿನ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ತೆರಪು ದೊಡ್ಡದು) ತೆಗೆದ ಚಿತ್ರ ಕಲ್ಲಿನ ಕೆತ್ತನೆಯನ್ನು ಸ್ಪಷ್ಟವಾಗಿಯೇ ತೋರಿಸುತ್ತದೆ. ಆದರೆ ಕೊಳ್ಳುವಾಗ ಲೆನ್ಸಿನ ಮೇಲಿನ ಅಕ್ಷರಗಳನ್ನು ಓದಲೇಬೇಕು. ಕ್ಯಾನನ್ ಲೆನ್ಸಿನ ಮೇಲೆ ಐಎಸ್, ನಿಕಾನ್ ಲೆನ್ಸಿನ ಮೇಲೆ ವಿಆರ್ ಎಂದಿದ್ದರೆ ಅದರಲ್ಲಿ ಕೈಯ ನಡುಕವನ್ನು ತಡೆಯುವ ವ್ಯವಸ್ಥೆ ಇದೆ ಎಂದರ್ಥ. ಎರಡೂ ಕಂಪನಿಗಳು ಈ ವ್ಯವಸ್ಥೆಯಿಲ್ಲದ 18-55 ಲೆನ್ಸ್‌ಗಳನ್ನೂ ಮಾರಿವೆ, ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಐದೂ ಬಾಡಿಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲದಿರುವುದರಿಂದ ಗುಹೆಯ ಮಂದ ಬೆಳಕಿನಲ್ಲಿ ಈ ಎರಡಕ್ಷರಗಳ ಬೆಲೆ ಬಹಳ ದೊಡ್ಡದು.

ಮಂದ ಬೆಳಕಿನಲ್ಲಿ ಅಲುಗುವ ಮನುಷ್ಯರನ್ನು ತೆಗೆಯುವವರಿಗೆ ಐಎಸ್ ಅಥವಾ ವಿಆರ್ ಕೂಡ ಸಹಾಯ ಮಾಡದು. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಓಡುವ ಮಗುವನ್ನು ನಿಲ್ಲಿಸುವುದಿಲ್ಲ. ಅಲ್ಲಿ ಬೇಕಾದದ್ದು ದೊಡ್ಡ ಅಪರ್ಚರ್. ಕಿಟ್ ಲೆನ್ಸ್ 55 ಮಿ.ಮೀ.ನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಕಲ್ಯಾಣ ಮಂಟಪದಲ್ಲಿ ಕಿಟ್ ಲೆನ್ಸಿಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಹೆಚ್ಚಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 6400 ಬೇಕಾಗುವ ಜಾಗದಲ್ಲಿ, ಅದೇ ಷಟರ್ ವೇಗಕ್ಕೆ (ಬೆಳಕು ಒಳಬರುವ ಅವಧಿಗೆ) ಎಫ್/1.8 ಲೆನ್ಸಿಗೆ ಐಎಸ್ಒ 640ರಷ್ಟು ಸಾಕು. ಈ ಐದು ಬಾಡಿಗಳ ಸೆನ್ಸರ್‌ಗಳ (ಬೆಳಕನ್ನು ಚಿತ್ರವಾಗಿಸುವ ಭಾಗಗಳ) ನಡುವೆ ಇಷ್ಟು ದೊಡ್ಡ ಅಂತರ ಎಲ್ಲಿಯೂ ಇಲ್ಲ. ಆದ್ದರಿಂದ ಹೆಚ್ಚಿನ ಬೆಲೆಯ ಬಾಡಿ ಮತ್ತು ಕಿಟ್ ಲೆನ್ಸ್ ಮಾತ್ರ ಕೊಳ್ಳುವುದಕ್ಕಿಂತ, ಒಂದು ಮೆಟ್ಟಿಲು ಕೆಳಗಿನ ಬಾಡಿಯ ಜೊತೆಗೆ ಎಫ್/1.8 ಲೆನ್ಸ್ ಕೊಳ್ಳುವುದು ಮನೆಯವರನ್ನೂ ಮದುವೆಯನ್ನೂ ತೆಗೆಯುವವರಿಗೆ ಹೆಚ್ಚು ಲಾಭದಾಯಕ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಎರಡು ಕಂಪನಿಗಳ ನಡುವೆ ಮಹತ್ವದ ವ್ಯತ್ಯಾಸವಿದೆ. ಕ್ಯಾನನ್‌ನ ಇಎಫ್ ಮತ್ತು ಇಎಫ್-ಎಸ್ ಆಟೋಫೋಕಸ್ ಲೆನ್ಸ್‌ಗಳಲ್ಲಿ ಫೋಕಸ್ ಮೋಟಾರ್ ಲೆನ್ಸಿನೊಳಗೇ ಇರುವುದರಿಂದ ಅವು ಮೂರೂ ಕ್ಯಾನನ್ ಬಾಡಿಗಳ ಮೇಲೆ ತಾವಾಗಿಯೇ ಫೋಕಸ್ ಮಾಡುತ್ತವೆ, 50 ಮಿ.ಮೀ. ಎಫ್/1.8 ಎಸ್‌ಟಿಎಂ ಅವುಗಳಲ್ಲಿ ಎಲ್ಲರ ಕೈಗೆ ಎಟಕುವಂಥದು. ನಿಕಾನ್‌ನ ಡಿ3500 ಮತ್ತು ಡಿ5600 ಬಾಡಿಗಳಲ್ಲಿ ಮೋಟಾರ್ ಇಲ್ಲ. ಆದ್ದರಿಂದ ಹಳೆಯ 50 ಮಿ.ಮೀ. ಎಫ್/1.8ಡಿ ಲೆನ್ಸ್ ಅವುಗಳ ಮೇಲೆ ಕುಳಿತರೂ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ನಿಕಾನ್ ಕೊಳ್ಳುವವರು ಲೆನ್ಸಿನ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿರುವುದನ್ನು ನೋಡಿಕೊಂಡೇ ಹಣ ಕೊಡಬೇಕು. ಎಎಫ್-ಎಸ್ 35 ಮಿ.ಮೀ. ಎಫ್/1.8ಜಿ ಡಿಎಕ್ಸ್ ಲೆನ್ಸ್ ಚಿಕ್ಕ ಕೋಣೆಯೊಳಗೆ 50 ಮಿ.ಮೀ.ಗಿಂತ ಹೆಚ್ಚು ಅನುಕೂಲ, ಏಕೆಂದರೆ ಈ ಸೆನ್ಸರ್‌ಗಳ ಮೇಲೆ 50 ಮಿ.ಮೀ. ಲೆನ್ಸ್ ತೋರಿಸುವ ನೋಟ ಕ್ಯಾನನ್‌ನಲ್ಲಿ ಪೂರ್ಣ ಚೌಕಟ್ಟಿನ (ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) 80 ಮಿ.ಮೀ.ಗೆ, ನಿಕಾನ್‌ನಲ್ಲಿ 75 ಮಿ.ಮೀ.ಗೆ ಸಮನಾಗಿ ಕಿರಿದಾಗುತ್ತದೆ.

ಅಗಲ ನೋಟ ಬೇಕಾದವರಿಗೆ ಕ್ಯಾನನ್‌ನಲ್ಲಿ 10-18 ಎಸ್‌ಟಿಎಂ, ನಿಕಾನ್‌ನಲ್ಲಿ ಎಎಫ್-ಪಿ 10-20 ಇವೆ. ಹಕ್ಕಿಗಳಿಗಾಗಿ ಕ್ಯಾನನ್ 55-250 ಅಥವಾ ನಿಕಾನ್ ಎಎಫ್-ಪಿ 70-300ನಿಂದ ಆರಂಭಿಸಬಹುದು. ಎರಡನೆಯದರಲ್ಲಿಯೂ ವಿಆರ್ ಇಲ್ಲದ ಮಾದರಿಯೊಂದಿದೆ ಎಂಬುದನ್ನು ನೆನಪಿಡಿ.

ಹೆಜ್ಜೆ 3: ಬಾಡಿಗಳನ್ನು ನಿಮ್ಮ ಪಟ್ಟಿಯ ಎದುರು ನಿಲ್ಲಿಸಿ

3000ಡಿಯದು 18 ಮೆಗಾಪಿಕ್ಸೆಲ್, ಉಳಿದ ನಾಲ್ಕರದು 24. ಈ ಅಂತರ ಕೇಳಲು ದೊಡ್ಡದು. ಚಿತ್ರದ ಅಗಲದಲ್ಲಿ ಅಳೆದರೆ 5184 ಮತ್ತು 6000 ಪಿಕ್ಸೆಲ್‌ಗಳ ಅಂತರ ಮಾತ್ರ. ಮದುವೆ ಆಲ್ಬಮ್ಮಿನ 12×18 ಇಂಚಿನ ಒಂದು ಪುಟವನ್ನು ಇಂಚಿಗೆ 300 ಪಿಕ್ಸೆಲ್‌ಗಳಂತೆ ಮುದ್ರಿಸಲು 5400 ಪಿಕ್ಸೆಲ್ ಅಗಲ ಸಾಕು, 18 ಮೆಗಾಪಿಕ್ಸೆಲ್ ಅದಕ್ಕೆ ತೀರ ಹತ್ತಿರದಲ್ಲಿದೆ. ಹಾಗಿದ್ದರೂ 3000ಡಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಲೆನ್ಸ್ ಕೂರುವ ಉಂಗುರ ಪ್ಲಾಸ್ಟಿಕ್ಕಿನದು. ಹಿಂಬದಿಯ ಪರದೆ 2.7 ಇಂಚು ಮಾತ್ರವಲ್ಲದೆ ಅದರ ಸ್ಪಷ್ಟತೆಯೂ ಕಡಿಮೆ ಇರುವುದರಿಂದ ಫೋಕಸ್ ಸರಿಯಾಗಿದೆಯೇ ಎಂದು ಅಲ್ಲಿಯೇ ಪರೀಕ್ಷಿಸುವುದು ಕಷ್ಟ. ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರಿನಲ್ಲಿ ಕಣ್ಣಿನ ಪವರ್‌ಗೆ ಹೊಂದಿಸುವ ಚಕ್ರವೂ ಇಲ್ಲ. ಕನ್ನಡಕ ಧರಿಸುವವರಿಗೆ ಈ ಕೊನೆಯ ಕೊರತೆ ದಿನನಿತ್ಯದ ತೊಂದರೆಯಾಗುತ್ತದೆ.

1500ಡಿ ಗಟ್ಟಿಯಾದ, ಸರಳವಾದ ಕ್ಯಾಮೆರಾ. 9 ಫೋಕಸ್ ಬಿಂದುಗಳು, ಸೆಕೆಂಡಿಗೆ 3 ಚಿತ್ರಗಳು, 475 ಗ್ರಾಂ ತೂಕ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ತೆಗೆಯುವವರಿಗೆ ಇದು ಸಾಕು. ಪರದೆಯನ್ನು ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ಮಾತ್ರ ಇದರ ಫೋಕಸ್ ತಡವರಿಸುತ್ತದೆ. ಇನ್ನೊಂದು ಮಿತಿಯೆಂದರೆ, ಇದರ ಸೆನ್ಸರ್ ಹಳೆಯ ತಲೆಮಾರಿನದು. ಬಾದಾಮಿಯ ಮೂರನೆಯ ಗುಹೆಯ ಪಡಸಾಲೆಯಲ್ಲಿ ನಿಂತು ಹೊರಗಿನ ಬಿಸಿಲನ್ನೂ ಒಳಗಿನ ಕಂಬದ ಶಿಲ್ಪವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು, ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲ ಭಾಗವನ್ನು ಬೆಳಗಿಸಲು ಹೋದರೆ 1500ಡಿಯ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಬೇಗ ಎದ್ದು ಕಾಣುತ್ತದೆ. ಎರಡೂ ನಿಕಾನ್‌ಗಳ ರಾ ಫೈಲ್‌ಗಳು (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ದತ್ತಾಂಶ) ಇಂಥ ಬೆಳಗಿಸುವಿಕೆಯನ್ನು ಬಹಳ ಚೆನ್ನಾಗಿ ತಾಳಿಕೊಳ್ಳುತ್ತವೆ, 200ಡಿ ಮಾರ್ಕ್ 2 ಕೂಡ 1500ಡಿಗಿಂತ ಮೇಲು. ಗುಡಿ, ಗುಹೆ, ಕೋಟೆಗಳನ್ನೇ ಮುಖ್ಯ ವಸ್ತುವಾಗಿ ಆರಿಸಿಕೊಂಡವರು ಬಾಡಿಗಳ ನಡುವಿನ ಉಳಿದೆಲ್ಲ ವ್ಯತ್ಯಾಸಗಳಿಗಿಂತ ಇದಕ್ಕೆ ಹೆಚ್ಚು ತೂಕ ಕೊಡಬೇಕು. ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ, ಒಂದೇ ನೋಟವನ್ನು ಬೇರೆ ಬೇರೆ ಬೆಳಕಿನ ಮಟ್ಟಗಳಲ್ಲಿ ತೆಗೆದು ಕೂಡಿಸುವ ಉಪಾಯ ಹವ್ಯಾಸಿಗಳಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಒಂದೇ ಫೈಲ್‌ನಿಂದ ಎಷ್ಟು ವಿವರ ಹೊರತೆಗೆಯಬಹುದು ಎಂಬುದೇ ನಿರ್ಣಾಯಕವಾಗುತ್ತದೆ.

200ಡಿ ಮಾರ್ಕ್ 2 2019ರಲ್ಲಿ ಬಂದದ್ದು. ಪರದೆ ಹೊರಕ್ಕೆ ತೆರೆದು ತಿರುಗುತ್ತದೆ, ಮುಟ್ಟಿದರೆ ಸ್ಪಂದಿಸುತ್ತದೆ, ಲೈವ್ ವ್ಯೂನಲ್ಲಿ ಫೋಕಸ್ ಈ ಐದರಲ್ಲೇ ಅತ್ಯಂತ ವೇಗವಾದದ್ದು. ವಿಡಿಯೊ ಮಾಡುವ ಉದ್ದೇಶವಿದ್ದರೆ ಬೇರೆ ಯೋಚನೆಯೇ ಬೇಡ. ಮೈಕ್ ಜೋಡಿಸುವ ರಂಧ್ರವೂ ಇದೆ. 4ಕೆ ವಿಡಿಯೊದಲ್ಲಿ ಮಾತ್ರ ನೋಟ ಕಿರಿದಾಗುತ್ತದೆ ಮತ್ತು ಆ ವೇಗದ ಫೋಕಸ್ ಕೆಲಸ ಮಾಡುವುದಿಲ್ಲವಾದ್ದರಿಂದ, ಫುಲ್ ಎಚ್‌ಡಿಯಲ್ಲಿ ಬಳಸುವುದೇ ಒಳ್ಳೆಯದು. ಕೊಳ್ಳುವ ಮುನ್ನ ಒಂದು ಎಚ್ಚರಿಕೆ: ಇದರ ನೆತ್ತಿಯ ಮೇಲಿನ ಫ್ಲ್ಯಾಷ್ ಕೂರುವ ಜಾಗದಲ್ಲಿ ನಡುವಿನ ಸಂಪರ್ಕ ಬಿಂದು ಇಲ್ಲ. ಆ ಒಂದೇ ಬಿಂದುವಿನಿಂದ ಮಿಂಚುವ ಸಾದಾ ಫ್ಲ್ಯಾಷ್‌ಗಳು ಮತ್ತು ಸ್ಟುಡಿಯೊಗಳಲ್ಲಿ ಬಳಸುವ ಅಗ್ಗದ ಟ್ರಿಗರ್‌ಗಳು ಇದರ ಮೇಲೆ ಕೆಲಸ ಮಾಡವು. ಮುಂದೆ ಮದುವೆ ಛಾಯಾಗ್ರಾಹಕರ ಜೊತೆ ಸಹಾಯಕರಾಗಿ ದುಡಿಯುವ ಆಲೋಚನೆಯಿರುವವರು ಇದನ್ನು ಮೊದಲೇ ತಿಳಿದಿರಬೇಕು. ಯಾವುದೇ ಕ್ಯಾನನ್ ಬಾಡಿಯನ್ನು ಕೈಗೆತ್ತಿಕೊಂಡಾಗಲೂ ಆ ಜಾಗವನ್ನು ಕಣ್ಣಾರೆ ನೋಡಿಕೊಳ್ಳಿ.

ಡಿ3500 ಕಲಿಯುವವರಿಗಾಗಿಯೇ ರೂಪಿಸಿದ ಕ್ಯಾಮೆರಾ. ಬ್ಯಾಟರಿ, ಕಾರ್ಡ್ ಸಮೇತ 415 ಗ್ರಾಂ ತೂಗುತ್ತದೆ, ಕಂಪನಿಯ ಲೆಕ್ಕದಂತೆ ಒಂದು ಚಾರ್ಜಿಗೆ 1550 ಚಿತ್ರಗಳನ್ನು ಕೊಡುತ್ತದೆ. 1500ಡಿಯ ಲೆಕ್ಕ 500. ದಿನವಿಡೀ ಜಾತ್ರೆಯಲ್ಲಿ ಓಡಾಡುವವರಿಗೆ ಇದು ಸಣ್ಣ ಸಂಗತಿಯೇನಲ್ಲ. ಆದರೆ ವೈಫೈ ಇಲ್ಲ, ಫೋನಿಗೆ ಚಿತ್ರ ಕಳಿಸಲು ನಿಧಾನವಾದ ಬ್ಲೂಟೂತ್ ಮಾತ್ರ ಇದೆ, ಮೈಕ್ ರಂಧ್ರವಿಲ್ಲ, ಪರದೆ ತಿರುಗುವುದಿಲ್ಲ. ಡಿ5600ರಲ್ಲಿ ಈ ಮೂರೂ ಕೊರತೆಗಳು ನೀಗಿವೆ. ಅದರ ಜೊತೆಗೆ 39 ಫೋಕಸ್ ಬಿಂದುಗಳಿವೆ. ಡಿ3500ರಲ್ಲಿ ಇರುವುದು 11 ಮಾತ್ರ. ಕುಸ್ತಿಯ ಕಣದಲ್ಲಾಗಲಿ ಹಾರುವ ಹಕ್ಕಿಯ ಹಿಂದಾಗಲಿ ಚೌಕಟ್ಟಿನ ಹೆಚ್ಚು ಭಾಗದಲ್ಲಿ ಫೋಕಸ್ ಬಿಂದುಗಳು ಹರಡಿರುವುದು ಬಹಳ ಸಹಾಯಕ. ಕೆಟ್ಟ ಬಳಕೆಗೆ ಸಿಗದ ಸೆಕೆಂಡ್ ಹ್ಯಾಂಡ್ ಡಿ5600 ಸರಿಯಾದ ಬೆಲೆಗೆ ಸಿಕ್ಕರೆ, ಸ್ಥಿರಚಿತ್ರ ಕಲಿಯುವವರಿಗೆ ಈ ಐದರಲ್ಲಿ ನನ್ನ ಮೊದಲ ಆಯ್ಕೆ ಅದೇ. ವಾರಂಟಿ ಸಮೇತ ಹೊಸದೇ ಬೇಕೆನ್ನುವವರಿಗೆ 200ಡಿ ಮಾರ್ಕ್ 2.

ಹೆಜ್ಜೆ 4: ಅಂಗಡಿಯಲ್ಲಿ ಕೈಗೆತ್ತಿಕೊಂಡು ಪರೀಕ್ಷಿಸಿ

ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ವ್ಯೂಫೈಂಡರಿನ ಪಕ್ಕದ ಚಿಕ್ಕ ಚಕ್ರವನ್ನು ತಿರುಗಿಸಿ ಒಳಗಿನ ಗೆರೆಗಳು ಚೂಪಾಗಿ ಕಾಣುವಂತೆ ಮಾಡಿಕೊಂಡ ಮೇಲೆಯೇ ಕ್ಯಾಮೆರಾದ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಿ. ಬಲಗೈಯ ಕಿರುಬೆರಳು ಹಿಡಿಕೆಯ ಮೇಲೆ ಕೂರುತ್ತದೆಯೇ, ಕಣ್ಣು ತೆಗೆಯದೆಯೇ ಐಎಸ್ಒ ಮತ್ತು ಎಕ್ಸ್‌ಪೋಶರ್ ಬದಲಿಸಲು ಬೆರಳು ತಲುಪುತ್ತದೆಯೇ ನೋಡಿ. ಅರ್ಧ ಗಂಟೆ ಹಿಡಿದರೆ ನೋಯುವ ಕ್ಯಾಮೆರಾವನ್ನು ನೀವು ಮನೆಯಲ್ಲಿಯೇ ಬಿಟ್ಟು ಹೋಗುತ್ತೀರಿ.

ಎರಡು ಕ್ಯಾಮೆರಾಗಳ ಚಿತ್ರಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಷರತ್ತು ಇರಬೇಕು. ಎರಡನ್ನೂ ಮ್ಯಾನುಯಲ್‌ಗೆ ಹಾಕಿ, ಅಪರ್ಚರ್, ಷಟರ್, ಐಎಸ್ಒ ಮೂರೂ ಒಂದೇ ಇರಿಸಿ, ರಾ ಮತ್ತು ಜೆಪೆಗ್ ಎರಡರಲ್ಲೂ ಒಂದೇ ವಸ್ತುವನ್ನು ಒಂದೇ ಜಾಗದಿಂದ ತೆಗೆಯಿರಿ. ಒಮ್ಮೆ ಅಂಗಡಿಯ ಬಾಗಿಲಿನಾಚೆಯ ಬಿಸಿಲಿನ ರಸ್ತೆಯನ್ನು ಐಎಸ್ಒ 100ರಲ್ಲಿ, ಇನ್ನೊಮ್ಮೆ ಒಳಗಿನ ಮೂಲೆಯನ್ನು ಐಎಸ್ಒ 3200ರಲ್ಲಿ ತೆಗೆದರೆ ಸಾಕು. ಒಳಗಿನ ಎಲ್‌ಇಡಿ ದೀಪಗಳು ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗಬಹುದಾದ್ದರಿಂದ ಷಟರನ್ನು 1/50 ಅಥವಾ 1/100ರಲ್ಲಿ ಇಡಿ. ಇಲ್ಲವಾದರೆ ಚಿತ್ರದಲ್ಲಿ ಪಟ್ಟೆಗಳು ಬಂದು ಆ ತಪ್ಪನ್ನು ಕ್ಯಾಮೆರಾದ ತಲೆಗೆ ಕಟ್ಟುವಂತಾಗುತ್ತದೆ. ಬಣ್ಣದಲ್ಲಿ ಕಾಣುವ ವ್ಯತ್ಯಾಸಕ್ಕೆ ಮಾರುಹೋಗಬೇಡಿ. ಜೆಪೆಗ್‌ನ ಬಣ್ಣ ಒಳಗಿನ ಸೆಟ್ಟಿಂಗ್‌ನ ಫಲ, ರಾ ಫೈಲ್‌ನಲ್ಲಿ ಅದನ್ನು ಬೇಕಾದಂತೆ ಬದಲಿಸಬಹುದು. ಮನೆಗೆ ಬಂದು ದೊಡ್ಡ ಪರದೆಯ ಮೇಲೆ ಎರಡನ್ನೂ ಒಂದೇ ಗಾತ್ರದಲ್ಲಿ ಇಟ್ಟು ನೋಡಿ, ಆಮೇಲೆ ನಿರ್ಧರಿಸಿ.

ಫೋಕಸ್‌ನ ನಿಖರತೆಯ ಪರೀಕ್ಷೆ ಇನ್ನೂ ಮುಖ್ಯ. ವ್ಯೂಫೈಂಡರಿನಲ್ಲಿ ನೋಡುವಾಗ ಫೋಕಸ್ ಅಳೆಯುವುದು ಸೆನ್ಸರಿನಿಂದ ಪ್ರತ್ಯೇಕವಾದ ಒಂದು ಭಾಗ. ಅದರ ಹೊಂದಾಣಿಕೆ ಚೂರು ತಪ್ಪಿದ್ದರೂ ಎಫ್/1.8ರಲ್ಲಿ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ. ದುಬಾರಿ ಬಾಡಿಗಳಲ್ಲಿ ಇದನ್ನು ಮೆನುವಿನಲ್ಲಿಯೇ ಸರಿಪಡಿಸಬಹುದು, ಈ ಐದರಲ್ಲಿಯೂ ಆ ಸೌಲಭ್ಯವಿಲ್ಲ. ಆದ್ದರಿಂದ ಒಂದು ದಿನಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಓರೆಯಾಗಿ ನಿಂತು, ಎಫ್/1.8ರಲ್ಲಿ ಒಂದು ತಲೆಬರಹದ ಮೇಲೆ ಮೊದಲು ವ್ಯೂಫೈಂಡರಿನಿಂದ, ಆಮೇಲೆ ಲೈವ್ ವ್ಯೂನಿಂದ ಫೋಕಸ್ ಮಾಡಿ ತೆಗೆಯಿರಿ. ಲೈವ್ ವ್ಯೂ ಚಿತ್ರದಲ್ಲಿ ಆ ತಲೆಬರಹವೇ ಚೂಪಾಗಿದ್ದು, ವ್ಯೂಫೈಂಡರಿನ ಚಿತ್ರದಲ್ಲಿ ಪ್ರತಿ ಬಾರಿಯೂ ಹಿಂದಿನ ಅಥವಾ ಮುಂದಿನ ಸಾಲು ಚೂಪಾಗಿದ್ದರೆ ಆ ಜೋಡಿಯನ್ನು ಕೊಳ್ಳಬೇಡಿ.

ಹೆಜ್ಜೆ 5: ಸೆಕೆಂಡ್ ಹ್ಯಾಂಡ್ ಆದರೆ ಧೂಳು, ಬೂಷ್ಟು, ಷಟರ್ ಲೆಕ್ಕ ನೋಡಿ

ನಮ್ಮ ಭಾಗದಲ್ಲಿ ಬಳಕೆಯಾದ ಕ್ಯಾಮೆರಾಗಳಿಗೆ ಧೂಳಿನದೇ ದೊಡ್ಡ ಕಾಟ. ಚಿಂಚಲಿ ಮಾಯಕ್ಕನ ಜಾತ್ರೆಯ ಭಂಡಾರ (ಅರಿಶಿನ ಪುಡಿ), ಬಾಗಲಕೋಟೆಯ ಹೋಳಿಯ ಬಣ್ಣ, ಬೇಸಿಗೆಯ ಎರೆಮಣ್ಣಿನ ಪುಡಿ ಇವೆಲ್ಲ ಲೆನ್ಸ್ ಬದಲಿಸುವ ಗಳಿಗೆಯಲ್ಲಿ ಒಳಸೇರುತ್ತವೆ. ಸೆನ್ಸರನ್ನು ತಾನೇ ಕಂಪಿಸಿ ಧೂಳು ಕೊಡವುವ ವ್ಯವಸ್ಥೆ ಡಿ5600ರಲ್ಲಿದೆ. ಡಿ3500 ಮತ್ತು 1500ಡಿಯಲ್ಲಿ ಇಲ್ಲ. ಪರೀಕ್ಷೆ ಸುಲಭ: ಅಪರ್ಚರನ್ನು ಎಫ್/22ಕ್ಕೆ ಇಳಿಸಿ, ಮೋಡವಿಲ್ಲದ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆದು, ಚಿತ್ರದಲ್ಲಿ ಕಪ್ಪು ಚುಕ್ಕೆಗಳಿವೆಯೇ ನೋಡಿ. ಕೆಲವು ಚುಕ್ಕೆಗಳಿದ್ದರೆ ಶುಚಿಗೊಳಿಸಬಹುದು. ಒರೆಸಿದರೂ ಹೋಗದ ಗೀರುಗಳಿದ್ದರೆ ಬಿಟ್ಟುಬಿಡಿ.

ಲೆನ್ಸನ್ನು ಕಳಚಿ ಹಿಂಬದಿಯಿಂದ ಟಾರ್ಚ್ ಹಾಯಿಸಿ ನೋಡಿ. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು, ಅಂಥ ಲೆನ್ಸ್ ಎಷ್ಟೇ ಅಗ್ಗವಾದರೂ ಬೇಡ. ಲೆನ್ಸ್ ಕೂರುವ ಉಂಗುರ ಸವೆದಿದೆಯೇ, ಕಾರ್ಡ್ ಮತ್ತು ಬ್ಯಾಟರಿಯ ಬಾಗಿಲು ಬಿಗಿಯಾಗಿವೆಯೇ, ಹಿಡಿಕೆಯ ರಬ್ಬರ್ ಉಬ್ಬಿದೆಯೇ, ಒಳಗಿನ ಫ್ಲ್ಯಾಷ್ ಏಳುತ್ತದೆಯೇ ನೋಡಿ.

ಷಟರ್ ಎಷ್ಟು ಬಾರಿ ಬಡಿದಿದೆ ಎಂಬ ಲೆಕ್ಕ ನಿಕಾನ್‌ನ ಪ್ರತಿ ಚಿತ್ರದ ಫೈಲಿನೊಳಗೂ ಬರೆದಿರುತ್ತದೆ. ಈಗಷ್ಟೇ ತೆಗೆದ, ತಿದ್ದದ ಒಂದು ಚಿತ್ರ ಸಿಕ್ಕರೆ ಕಂಪ್ಯೂಟರಿನಲ್ಲಿ ಅದನ್ನು ಓದಬಹುದು. ಕ್ಯಾನನ್‌ನ ಈ ಮೂರು ಮಾದರಿಗಳು ಆ ಸಂಖ್ಯೆಯನ್ನು ಚಿತ್ರದಲ್ಲಿ ಬರೆಯುವುದಿಲ್ಲವಾದ್ದರಿಂದ ಅಲ್ಲಿ ಹೆಚ್ಚಾಗಿ ಮಾರುವವರ ಮಾತು ಮತ್ತು ಬಾಡಿಯ ಸ್ಥಿತಿಯನ್ನೇ ನೆಚ್ಚಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ನಿಕಾನ್ ಕಡೆಗೆ ನಾನು ಹೆಚ್ಚು ಒಲಿಯಲು ಇದೂ ಒಂದು ಕಾರಣ.

ಹೆಜ್ಜೆ 6: ಮಿರರ್‌ಲೆಸ್ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ

ಇದೇ ಹಣಕ್ಕೆ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ಏಕೆ ಬೇಡ ಎಂದು ಯಾರಾದರೂ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಕಂಪನಿಗಳ ಹೊಸ ಲೆನ್ಸ್‌ಗಳು ಈಗ ಅತ್ತಲೇ ಬರುತ್ತಿವೆ. ಹೊಸ ಕ್ಯಾಮೆರಾವನ್ನೇ ಕೊಳ್ಳುವ ಶಕ್ತಿಯಿದ್ದು, ಮುಖ್ಯ ಉದ್ದೇಶ ವಿಡಿಯೊ ಆಗಿದ್ದರೆ 2023ರ ಕ್ಯಾನನ್ ಆರ್50 ಅಥವಾ 2022ರ ನಿಕಾನ್ ಝಡ್30 ನೋಡದೆ ನಿರ್ಧರಿಸಬೇಡಿ. ಝಡ್30ರಲ್ಲಿ ವ್ಯೂಫೈಂಡರ್ ಇಲ್ಲ, ವಿಜಯಪುರದ ನಡುಹಗಲ ಬಿಸಿಲಿನಲ್ಲಿ ಪರದೆಯನ್ನಷ್ಟೇ ನೋಡಿ ಚೌಕಟ್ಟು ಕಟ್ಟುವುದು ಕಠಿಣ. ಡಿಎಸ್‌ಎಲ್‌ಆರ್‌ನ ಕನ್ನಡಿಯ ವ್ಯೂಫೈಂಡರ್ ಅಂಥ ಬಿಸಿಲಿನಲ್ಲಿಯೂ ತಿಳಿಯಾಗಿ ಕಾಣುತ್ತದೆ, ಬ್ಯಾಟರಿಯನ್ನೂ ತಿನ್ನುವುದಿಲ್ಲ. ಬಳಕೆಯಾದ ಲೆನ್ಸ್‌ಗಳೂ ಡಿಎಸ್‌ಎಲ್‌ಆರ್‌ಗೆ ಹೆಚ್ಚು ಸಿಗುತ್ತವೆ. ಕೈಯಲ್ಲಿರುವ ಹಣ ಕಡಿಮೆಯಿದ್ದಷ್ಟೂ ಡಿಎಸ್‌ಎಲ್‌ಆರ್ ಪರವಾದ ವಾದ ಗಟ್ಟಿಯಾಗುತ್ತದೆ.

ಮುಂದೆ ಬದಲಿಸಿದರೂ ಲೆನ್ಸ್‌ಗಳು ವ್ಯರ್ಥವಾಗುವುದಿಲ್ಲ. ಕ್ಯಾನನ್‌ನ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್ ಸರಣಿಯ ಬಾಡಿಗಳ ಮೇಲೆ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳೂ ಎಫ್‌ಟಿಝಡ್ ಅಡಾಪ್ಟರಿನಿಂದ ಝಡ್ ಬಾಡಿಗಳ ಮೇಲೆ ಹಾಗೆಯೇ.

ಹೆಜ್ಜೆ 7: ಹಣ ಹಂಚಿ, ಬಿಲ್ ಪಡೆಯಿರಿ

ಒಟ್ಟು ಹಣವನ್ನೆಲ್ಲ ಬಾಡಿಯ ಮೇಲೆ ಸುರಿಯಬೇಡಿ. ಎಫ್/1.8 ಲೆನ್ಸ್, ಒಳ್ಳೆಯ ಕಂಪನಿಯ ಎರಡು ಮೆಮೊರಿ ಕಾರ್ಡ್, ಇನ್ನೊಂದು ಅಸಲಿ ಬ್ಯಾಟರಿ, ಗಾಳಿ ಊದುವ ರಬ್ಬರ್ ಬ್ಲೋವರ್, ಧೂಳು ಹೋಗದ ಚೀಲ ಇವುಗಳಿಗೆ ಮೊದಲು ಹಣ ತೆಗೆದಿಟ್ಟು, ಉಳಿದದ್ದರಲ್ಲಿ ಬಾಡಿ ಆರಿಸಿ. ಅಂಗಡಿಯವರು ಉಚಿತವೆಂದು ಕೊಡುವ ಟ್ರೈಪಾಡ್ ಮತ್ತು ಫಿಲ್ಟರ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಳಪೆ ಫಿಲ್ಟರ್ ಒಳ್ಳೆಯ ಲೆನ್ಸಿನ ಸ್ಪಷ್ಟತೆಯನ್ನು ಕೆಡಿಸುತ್ತದೆ, ಹಗುರ ಟ್ರೈಪಾಡ್ ಗಾಳಿಗೆ ಅಲುಗುತ್ತದೆ.

ಹೊಸದಾದರೆ ಜಿಎಸ್‌ಟಿ ಬಿಲ್ಲಿನಲ್ಲಿ ಬಾಡಿ ಮತ್ತು ಲೆನ್ಸ್ ಎರಡರ ಸರಣಿ ಸಂಖ್ಯೆಗಳನ್ನೂ ಬರೆಸಿಕೊಳ್ಳಿ. ವಾರಂಟಿ ಕಾರ್ಡ್ ಭಾರತದ ಶಾಖೆಯದೇ ಎಂದು ನೋಡಿ. ಹೊರದೇಶದಿಂದ ತಂದು ಮಾರುವ ಕ್ಯಾಮೆರಾಕ್ಕೆ ಬೆಲೆ ಕಡಿಮೆಯಿದ್ದರೂ ಇಲ್ಲಿ ದುರಸ್ತಿಯ ಹೊಣೆ ನಿಮ್ಮದಾಗುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಹಳೆಯ ಬಿಲ್ ಕೇಳಿ, ಅದರಲ್ಲಿನ ಸಂಖ್ಯೆ ಬಾಡಿಯ ತಳದಲ್ಲಿರುವ ಸಂಖ್ಯೆಗೆ ಹೊಂದುತ್ತದೆಯೇ ಎಂದು ಅಲ್ಲಿಯೇ ತಾಳೆ ನೋಡಿ. ಮರಳಿಸಲು ಕೊಟ್ಟ ಅವಧಿಯೊಳಗೆ ದಿನಪತ್ರಿಕೆಯ ಪರೀಕ್ಷೆಯನ್ನೂ ಎಫ್/22ರ ಪರೀಕ್ಷೆಯನ್ನೂ ಮನೆಯಲ್ಲಿ ಮತ್ತೊಮ್ಮೆ ಮಾಡಿ, ದೋಷ ಕಂಡರೆ ಆ ಚಿತ್ರಗಳ ಸಮೇತ ಅಂಗಡಿಗೆ ಹಿಂದಿರುಗಿ.